ಕತ್ತು ನೋವಿಗೆ ದೇಹಶುದ್ಧಿ ಮಾಡಿಸಿಕೊಳ್ಳಬೇಕೆ?

ಪ್ರಶ್ನೆ: ನನಗೆ 48 ವರ್ಷ. ಮಂಡ್ಯದಲ್ಲಿ ಮನೆಯಲ್ಲಿಯೇ ಇಪ್ಪತ್ತು ವರ್ಷಗಳಿಂದ ರವಿಕೆ ಹೊಲಿದುಕೊಡುತ್ತಿದ್ದೇನೆ. ಮೂರು ವರ್ಷಗಳಿಂದ ಕತ್ತು ನೋವಿದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆ ಕತ್ತು ತಿರುಗಿಸಲು ಆಗುವುದಿಲ್ಲ. ಹಬ್ಬದ ಮುಂಚೆ ಕೆಲಸ ಹೆಚ್ಚಾದರೆ ನೋವು ಬಲಭುಜಕ್ಕೆ ಇಳಿಯುತ್ತದೆ, ಒಮ್ಮೊಮ್ಮೆ ಹೆಬ್ಬೆರಳು ಜೋಮು ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಐದು ಮತ್ತು ಆರನೆಯ ಮೂಳೆಗಳ ನಡುವೆ ಸವೆತವಿದೆ ಎಂದಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಇರುವ ಮಾತ್ರೆ ನುಂಗುತ್ತೇನೆ. ಮೈಯಲ್ಲಿ ವಿಷ ತುಂಬಿರುವುದರಿಂದಲೇ ಈ ನೋವು, ಏಳು ದಿನ ಡಿಟಾಕ್ಸ್ ಮಾಡಿಸಿಕೊಂಡರೆ ಬುಡಸಮೇತ ಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿ, ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಒಂದು ಪುಡಿಯನ್ನೂ ಕೊಟ್ಟಿದ್ದಾರೆ. ಆಯುರ್ವೇದದ ಪ್ರಕಾರ ಇದು ಸರಿಯೆ?

ಉತ್ತರ: ನಿಮ್ಮ ಕತ್ತಿಗೆ ಆಯುರ್ವೇದ ಚಿಕಿತ್ಸೆಯಿಂದ ಪ್ರಯೋಜನವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಆ ಏಳು ದಿನದ ಪ್ಯಾಕೇಜನ್ನು ಈಗ ಮಾಡಿಸಿಕೊಳ್ಳಬೇಡಿ. ಪುಡಿಯನ್ನಂತೂ ಇಂದು ರಾತ್ರಿಯಿಂದಲೇ ನಿಲ್ಲಿಸಿ. ಹೀಗೆ ಹೇಳುವುದಕ್ಕೆ ಕಾರಣಗಳು ಆಯುರ್ವೇದದ ಒಳಗೇ ಇವೆ. ಅವುಗಳನ್ನು ವಿವರಿಸುವ ಮೊದಲು ನಿಮ್ಮ ಕತ್ತಿನಲ್ಲಿ ಏನಾಗಿದೆ ಎಂಬುದನ್ನು ನೋಡೋಣ.

ಕತ್ತಿನಲ್ಲಿ ಏಳು ಮೂಳೆಗಳಿವೆ. ಸುಮಾರು ಐದು ಕಿಲೋ ತೂಗುವ ತಲೆಯನ್ನು ಇವು ಹೊತ್ತಿವೆ. ತಲೆ ನೆಟ್ಟಗಿದ್ದಾಗ ಹೊರೆ ಅಷ್ಟೇ ಇರುತ್ತದೆ, ಆದರೆ ಮುಂದಕ್ಕೆ ಬಾಗಿದಂತೆಲ್ಲ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುವುದರಿಂದ ಕತ್ತಿನ ಮೇಲಿನ ಒತ್ತಡ ಹಲವು ಪಟ್ಟು ಏರುತ್ತದೆ. ಐದು ಮತ್ತು ಆರನೆಯ ಮೂಳೆಗಳ ನಡುವಿನ ಜಾಗ ಅತಿ ಹೆಚ್ಚು ಬಾಗುವ ಜಾಗಗಳಲ್ಲಿ ಒಂದಾದ್ದರಿಂದ ಸವೆತ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಆರನೆಯ ನರದ ಬೇರು ಹೊರಡುವುದೂ ಅಲ್ಲಿಂದಲೇ. ಅದು ಹೆಬ್ಬೆರಳಿನವರೆಗೆ ಹೋಗುತ್ತದೆ. ನಿಮ್ಮ ಜೋಮಿಗೂ ಎಕ್ಸ್‌ರೇಗೂ ಹೀಗೆ ತಾಳೆಯಾಗುತ್ತದೆ. ಹಾಗೆಂದು 'ಸವೆತ' ಎಂಬ ಪದಕ್ಕೆ ಹೆದರಬೇಕಾಗಿಲ್ಲ. ಐವತ್ತರ ಆಸುಪಾಸಿನಲ್ಲಿ ಕತ್ತಿನ ಎಕ್ಸ್‌ರೇ ತೆಗೆಸಿದರೆ ಯಾವ ನೋವೂ ಇಲ್ಲದ ಅನೇಕರಲ್ಲಿಯೂ ಅದು ಕಾಣುತ್ತದೆ. ಕೂದಲು ನರೆತಂತೆ ಇದೂ ಒಂದು. ಸವೆದ ಮೂಳೆಯನ್ನು ಯಾವ ತೈಲವೂ ಯಾವ ಶುದ್ಧಿಯೂ ಮೊದಲಿನಂತೆ ಮಾಡುವುದಿಲ್ಲ, ಆದರೆ ಸವೆತ ಹಾಗೆಯೇ ಇದ್ದರೂ ನೋವು ಇಳಿಯಬಲ್ಲದು. ನಮ್ಮ ಚಿಕಿತ್ಸೆಯ ಗುರಿ ಅಷ್ಟೇ.

ಕತ್ತು ಹಿಡಿದುಕೊಳ್ಳುವುದನ್ನು ನಮ್ಮ ಶಾಸ್ತ್ರ ಮನ್ಯಾಸ್ತಂಭ ಎನ್ನುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕೆ ಹೇಳಿರುವ ಕಾರಣಗಳನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ: ಹಗಲು ನಿದ್ದೆ, ಕೂರುವ ಮತ್ತು ನಿಲ್ಲುವ ಭಂಗಿಯ ದೋಷ, ಮೇಲಕ್ಕೆ ನೋಡುತ್ತಲೇ ಇರುವುದು. ಹೊಲಿಗೆ ಯಂತ್ರವಾಗಲಿ ಮೊಬೈಲಾಗಲಿ ಇಲ್ಲದ ಕಾಲದಲ್ಲಿ ಬರೆದ ಮಾತಿದು. ಮೇಲಕ್ಕೆ ನೋಡುವವರ ಸಾಲಿಗೆ ನಮ್ಮ ಕಡೆಯ ತೆಂಗಿನ ತೋಟದವರನ್ನೂ ಗೋಡೆಗೆ ಬಣ್ಣ ಬಳಿಯುವವರನ್ನೂ ಸೇರಿಸಬಹುದು. ನಿಮ್ಮದು ಭಂಗಿಯ ದೋಷ. ಈ ಕಾರಣಗಳಿಂದ ಕೆರಳಿದ ವಾತವನ್ನು ಕಫ ಆವರಿಸಿಕೊಂಡಾಗ ಕತ್ತು ಸೆಡೆಯುತ್ತದೆ ಎನ್ನುವುದು ಅಲ್ಲಿನ ವಿವರಣೆ. ಬೆಳಗ್ಗೆ ಮರದಂತಾಗಿದ್ದು ಬಿಸಿನೀರು ಹೊಯ್ದುಕೊಂಡ ಮೇಲೆ ಸಡಿಲವಾಗುವ ಕತ್ತು ಈ ವಿವರಣೆಗೆ ಹೊಂದುತ್ತದೆ. ನೋವು ತೋಳಿಗೆ ಇಳಿದು ಬೆರಳುಗಳನ್ನು ಬಾಧಿಸಿದಾಗ ಅದಕ್ಕೆ ವಿಶ್ವಾಚಿ ಎಂಬ ಬೇರೆ ಹೆಸರಿದೆ. ನಿಮ್ಮಲ್ಲಿ ಅದರ ಆರಂಭ ಮಾತ್ರ ಇದೆ.

ಚಿಕಿತ್ಸೆಗೆ ಮೊದಲು ಒಂದು ಎಚ್ಚರಿಕೆ. ಆಯುರ್ವೇದಕ್ಕಾಗಿ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳಿವೆ. ಕೈಯಲ್ಲಿ ಬಲ ಕುಗ್ಗಿ ಕತ್ತರಿ ಜಾರತೊಡಗಿದರೆ, ಹುಕ್ಕು ಹಾಕುವುದು, ಸೂಜಿ ಹಿಡಿಯುವುದು ಮೊದಲಿನಂತೆ ಆಗದಿದ್ದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕತ್ತು ನೋವಿನ ಜೊತೆ ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದು ಪೆಟ್ಟಾದ ನಂತರ ನೋವು ಶುರುವಾಗಿದ್ದರೆ ತಡಮಾಡಬಾರದು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಾಗ ಕಳೆದುಹೋದ ಶಕ್ತಿ ಪೂರ್ತಿಯಾಗಿ ಮರಳದೆ ಇರಬಹುದು. ನೋವು ಎಡಭುಜ ಅಥವಾ ದವಡೆಗೆ ಹರಿದು, ಎದೆ ಹಿಡಿದಂತಾಗಿ ಬೆವರು ಬಂದರೆ ಅದನ್ನು ಕತ್ತು ನೋವೆಂದು ತೈಲ ಹಚ್ಚಿಕೊಂಡು ಕೂರಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರುವುದುಂಟು. ನಿಮ್ಮ ಪತ್ರದಲ್ಲಿ ಇಂಥ ಯಾವುದೂ ಇಲ್ಲವೆಂದು ತಿಳಿದು ಮುಂದಿನದನ್ನು ಬರೆಯುತ್ತಿದ್ದೇನೆ. ಜೋಮು ಒಮ್ಮೊಮ್ಮೆ ಬರುವುದು ಬಿಟ್ಟು ದಿನವಿಡೀ ಉಳಿಯತೊಡಗಿದರೆ ಎಂಆರ್‌ಐ ಬೇಕಾಗಬಹುದು, ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವೈದ್ಯರನ್ನು ಕಾಣಿರಿ.

ಇನ್ನು 'ಮೈಯಲ್ಲಿ ತುಂಬಿರುವ ವಿಷ'ದ ವಿಚಾರ. ಆಯುರ್ವೇದದಲ್ಲಿ ಆಮ ಎಂಬ ಪರಿಕಲ್ಪನೆಯಿದೆ. ಜಠರಾಗ್ನಿ ಮಂದವಾಗಿ ಆಹಾರ ಸರಿಯಾಗಿ ಪಾಕವಾಗದೆ ಉಳಿದದ್ದೇ ಆಮ. ಮೈಭಾರ, ಹಸಿವಿಲ್ಲದಿರುವುದು, ನಾಲಿಗೆಯ ಮೇಲೆ ಬಿಳಿಯ ಲೇಪ, ಆಲಸ್ಯ ಇವು ಅದರ ಗುರುತುಗಳು. ಈ ಆಮವನ್ನೇ ಈಗ 'ಟಾಕ್ಸಿನ್' ಎಂದು ಕರೆದು, ಕೊಳಾಯಿಯಲ್ಲಿ ಕಟ್ಟಿಕೊಂಡ ಪಾಚಿಯಂತೆ ಚಿತ್ರಿಸಿ, ತೊಳೆದು ಹಾಕುತ್ತೇವೆ ಎಂದು ಜಾಹೀರಾತು ಕೊಡುತ್ತಾರೆ. ದೇಹದಲ್ಲಿ ಹುಟ್ಟುವ ಕಲ್ಮಷವನ್ನು ಯಕೃತ್ತು, ಮೂತ್ರಪಿಂಡಗಳು ದಿನದ ಇಪ್ಪತ್ತನಾಲ್ಕು ಗಂಟೆಯೂ ಹೊರಹಾಕುತ್ತಿರುತ್ತವೆ; ಅವು ಸೋತರೆ ಬೇಕಾಗುವುದು ಆಸ್ಪತ್ರೆ. ಪಾದಕ್ಕೆ ಅಂಟಿಸಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಕಪ್ಪಾಗುವ ಪಟ್ಟಿಗಳನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಬೆವರಿನ ತೇವ ತಗುಲಿದರೆ ಆ ಪಟ್ಟಿ ಕಪ್ಪಾಗುವುದು ಅದರ ಗುಣ, ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೂ ಕಪ್ಪಾಗುತ್ತದೆ.

ಇನ್ನೂ ಮುಖ್ಯವಾದ ಮಾತೆಂದರೆ, ಆಮ ಇರುವಾಗ ಶೋಧನ, ಅಂದರೆ ದೇಹಶುದ್ಧಿ, ಮಾಡಬಾರದೆಂದೇ ಶಾಸ್ತ್ರ ಹೇಳುತ್ತದೆ. ಕಾಯಿ ಹಣ್ಣಿನಿಂದ ರಸ ಹಿಂಡಲು ಹೋದರೆ ರಸವೂ ಸಿಗದೆ ಹಣ್ಣೂ ಹಾಳಾಗುತ್ತದೆ ಎನ್ನುವ ಹೋಲಿಕೆಯನ್ನು ನಮ್ಮ ಮೇಷ್ಟರುಗಳು ತರಗತಿಯಲ್ಲಿ ಕೊಡುತ್ತಿದ್ದರು. ಮೊದಲು ಪಾಚನ (ಆಮವನ್ನು ಅರಗಿಸುವುದು), ಆಮೇಲೆ ಸ್ನೇಹನ (ತುಪ್ಪ, ಎಣ್ಣೆ ಕೊಡುವುದು), ಸ್ವೇದನ (ಬೆವರಿಳಿಸುವುದು), ಕಡೆಗೆ ಶೋಧನ. ವಿರೇಚನ, ಅಂದರೆ ಭೇದಿ ಮಾಡಿಸುವ ಶುದ್ಧಿ, ಒಂದನ್ನೇ ತೆಗೆದುಕೊಂಡು ದಿನ ಎಣಿಸಿ ನೋಡಿ. ಹಸಿವು ಹೆಚ್ಚಿಸುವ ಔಷಧಕ್ಕೆ ಮೂರು ದಿನ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ದಿನದಿನಕ್ಕೆ ಪ್ರಮಾಣ ಏರಿಸುತ್ತ ಔಷಧೀಯ ತುಪ್ಪ ಕುಡಿಯುವುದಕ್ಕೆ ಮೂರರಿಂದ ಏಳು ದಿನ. ಅಭ್ಯಂಗ ಮತ್ತು ಬೆವರಿಳಿಸುವುದಕ್ಕೆ ಮೂರು ದಿನ. ವಿರೇಚನದ ದಿನ ಒಂದು. ಆಮೇಲೆ ತೆಳು ಗಂಜಿ, ಗಟ್ಟಿ ಗಂಜಿ, ಹೆಸರುಬೇಳೆ ಕಟ್ಟು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾಮೂಲು ಊಟಕ್ಕೆ ಮರಳುವುದಕ್ಕೆ ಮೂರರಿಂದ ಏಳು ದಿನ. ಎಲ್ಲ ಸೇರಿ ಹೆಚ್ಚುಕಡಿಮೆ ಎರಡು ವಾರ ಬೇಕು, ಮೂರು ವಾರವೂ ಆದೀತು. ಏಳು ದಿನದಲ್ಲಿ ಪಂಚಕರ್ಮದ ಐದೂ ಶುದ್ಧಿಕ್ರಿಯೆಗಳನ್ನು ಮುಗಿಸಿಕೊಡುತ್ತೇವೆ ಎನ್ನುವವರು ಮಾಡುವುದು ಎಣ್ಣೆಸ್ನಾನವೋ ಮಾಲೀಸೋ ಇರಬಹುದು. ಅದರಿಂದ ಮೈ ಹಗುರವಾಗಲೂಬಹುದು, ಆದರೆ ಅದು ಪಂಚಕರ್ಮವಲ್ಲ. ಇದಕ್ಕೆ ಕಾಲದ ನಿಯಮವೂ ಇದೆ: ವಾತವನ್ನು ಶ್ರಾವಣದಲ್ಲಿ, ಪಿತ್ತವನ್ನು ಕಾರ್ತಿಕದಲ್ಲಿ, ಕಫವನ್ನು ಚೈತ್ರದಲ್ಲಿ ಹೊರಹಾಕಬೇಕೆಂದು ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥ ವಿಧಿಸುತ್ತದೆ. ಪ್ಯಾಕೇಜಿನವರಿಗೆ ಹನ್ನೆರಡು ತಿಂಗಳೂ ಒಂದೇ.

ನಿಮ್ಮ ವಿಷಯದಲ್ಲಿ ಸಕ್ಕರೆ ಕಾಯಿಲೆ ಬೇರೆ ಇದೆ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಅಥವಾ ಭೇದಿಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನನ್ನ ರೋಗಿಯೊಬ್ಬರು, ಅರವತ್ತು ದಾಟಿದವರು, ಏಕಾದಶಿಯ ಉಪವಾಸದ ದಿನ ಹೊಟ್ಟೆಯೂ ಶುದ್ಧವಾಗಲಿ ಎಂದು ಯಾರೋ ಕೊಟ್ಟ ಪುಡಿಯನ್ನು ಹಿಂದಿನ ರಾತ್ರಿ ಕುಡಿದು, ಬೆಳಗ್ಗೆ ಸಕ್ಕರೆ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಬಚ್ಚಲಲ್ಲಿ ಕುಸಿದಿದ್ದರು. ಸೊಸೆ ಸಮಯಕ್ಕೆ ಸರಿಯಾಗಿ ಬೆಲ್ಲದ ನೀರು ಕುಡಿಸಿದ್ದರಿಂದ ಉಳಿದರು. ಇಂಥ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಸೋನಾಮುಖಿ. ಅದು ಒಳ್ಳೆಯ ವಿರೇಚಕವೇ ಹೌದು, ಆದರೆ ತಿಂಗಳುಗಟ್ಟಲೆ ಬಳಸಿದರೆ ಪೊಟ್ಯಾಸಿಯಂ ಇಳಿದು ಸುಸ್ತು, ಸ್ನಾಯು ಸೆಳೆತ ಬರುತ್ತವೆ. ನಿಮಗೆ ಕೊಟ್ಟ ಪೊಟ್ಟಣದ ಮೇಲೆ ಏನೇನು ಸೇರಿದೆ ಎಂಬ ವಿವರ, ತಯಾರಿಕೆಯ ಪರವಾನಗಿ ಸಂಖ್ಯೆ, ತಾರೀಖು ಇವೆಯೇ ನೋಡಿ. ಇಲ್ಲದಿದ್ದರೆ ತಿಪ್ಪೆಗೆ ಹಾಕಿ. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸುವುದೂ ಉಂಟು. ಎರಡೇ ದಿನದಲ್ಲಿ ನೋವು ಮಾಯವಾಗಿ, ತಿಂಗಳೊಪ್ಪತ್ತಿನಲ್ಲಿ ಮುಖ ಊದಿಕೊಂಡು ಸಕ್ಕರೆ ಏರತೊಡಗಿದರೆ ಅದನ್ನೇ ಶಂಕಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? 'ಸಂಕ್ಷೇಪತಃ ಕ್ರಿಯಾಯೋಗೋ ನಿದಾನಪರಿವರ್ಜನಮ್' ಎನ್ನುತ್ತಾನೆ ಸುಶ್ರುತ. ಚಿಕಿತ್ಸೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಕಾರಣವನ್ನು ಬಿಡುವುದು. ನಿಮಗೆ ಹೊಲಿಗೆ ಬಿಡಿ ಎಂದು ನಾನು ಹೇಳಲಾರೆ, ಮನೆ ನಡೆಯುವುದೇ ಅದರಿಂದ. ಹೊಲಿಯುವ ರೀತಿಯನ್ನು ಬದಲಿಸಬಹುದು. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. 48ರ ವಯಸ್ಸಿನಲ್ಲಿ ಚಾಳೀಸು ಬಂದಿರುತ್ತದೆ; ಕನ್ನಡಕ ಇಲ್ಲದಿದ್ದರೆ, ಅಥವಾ ಹಳೆಯದಾಗಿದ್ದರೆ, ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗ, ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ ಹಾಕುವಾಗ ತಲೆ ತಾನಾಗಿ ಬಟ್ಟೆಯ ಮೇಲಕ್ಕೆ ಬಾಗುತ್ತದೆ. ಕತ್ತು ನೋವೆಂದು ಬಂದ ಹೊಲಿಗೆಯವರಲ್ಲಿ ಎಷ್ಟೋ ಜನರಿಗೆ ಕನ್ನಡಕವೇ ಮೊದಲ ಔಷಧವಾದದ್ದನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆ ಇರುವುದರಿಂದ ಕಣ್ಣಿನ ಒಳಪೊರೆಯನ್ನೂ ಅದೇ ನೆಪದಲ್ಲಿ ನೋಡಿಸಿದಂತಾಗುತ್ತದೆ. ಎರಡನೆಯದು ಬೆಳಕು: ತಲೆಯ ಮೇಲಿನ ಟ್ಯೂಬ್‌ಲೈಟ್ ಸಾಲದು, ಸೂಜಿಯ ಮೇಲೆಯೇ ಬೀಳುವ ಸಣ್ಣ ದೀಪ ಬೇಕು.

ಕುರ್ಚಿಯ ಎತ್ತರವನ್ನು ಹೀಗೆ ಅಳೆಯಿರಿ. ಯಂತ್ರದ ಮುಂದೆ ಕೂತು ಎರಡೂ ಕೈಗಳನ್ನು ಬಟ್ಟೆ ತಳ್ಳುವಂತೆ ಇಟ್ಟಾಗ ಮೊಣಕೈ ಮೇಜಿನ ಮಟ್ಟಕ್ಕಿರಬೇಕು, ಭುಜ ಕಿವಿಯತ್ತ ಏರಿರಬಾರದು. ಯಂತ್ರದ ಹಿಂಬದಿಗೆ ಒಂದು ಬೆರಳು ದಪ್ಪದ ಹಲಗೆಯ ಚೂರನ್ನು ಅಲುಗಾಡದಂತೆ ಕೊಟ್ಟು ಅದು ನಿಮ್ಮತ್ತ ತುಸು ವಾಲುವಂತೆ ಮಾಡಿದರೆ ಸೂಜಿ ಕಾಣಲು ಅಷ್ಟು ಬಗ್ಗಬೇಕಾಗುವುದಿಲ್ಲ. ಆದರೆ ಹೆಚ್ಚಿನ ಕೆಡುಕು ನಡೆಯುವುದು ಯಂತ್ರದ ಮುಂದೆಯೇ ಅಲ್ಲ, ಹುಕ್ಕು, ಹೆಮ್ಮಿಂಗ್, ಸೀರೆಯ ಕುಚ್ಚಿನಂಥ ಕೈಕೆಲಸದಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದ ಎದೆಗೆ ತಗುಲುವಂತೆ ಬಗ್ಗಿ ಗಂಟೆಗಟ್ಟಲೆ ಕೂರುವುದು ಆಗಲೇ. ಗೋಡೆಗೆ ಬೆನ್ನು ಕೊಟ್ಟು ಕೂತು, ತೊಡೆಯ ಮೇಲೆ ಎರಡು ದಿಂಬು ಪೇರಿಸಿ, ಬಟ್ಟೆಯನ್ನು ಅದರ ಮೇಲಿಟ್ಟು ಕಣ್ಣಿನ ಹತ್ತಿರಕ್ಕೆ ತನ್ನಿ. ತಲೆ ಕೆಲಸದ ಹತ್ತಿರ ಹೋಗುವ ಬದಲು ಕೆಲಸ ತಲೆಯ ಹತ್ತಿರ ಬರಲಿ. ಬಾಬಿನ್‌ನ ದಾರ ಮುಗಿದಾಗಲೆಲ್ಲ ಎದ್ದು ನಿಂತು ಭುಜಗಳನ್ನು ಹಿಂದಕ್ಕೆ ಹತ್ತು ಸಲ ತಿರುಗಿಸಿ, ಆಮೇಲೆ ಹೊಸ ದಾರ ಸುತ್ತಿ.

ದಿನಕ್ಕೆ ಎರಡು ಬಾರಿ ಮಾಡಬೇಕಾದ ಸರಳ ವ್ಯಾಯಾಮಗಳಿವೆ. ನೆಟ್ಟಗೆ ಕೂತು, ತಲೆ ಬಗ್ಗಿಸದೆ, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು ಬಿಡಿ; ಹತ್ತು ಸಲ. ಅಂಗೈಯನ್ನು ಹಣೆಗೆ ಒತ್ತಿ, ತಲೆ ಮುಂದೆ ಬರದಂತೆ ಎರಡೂ ಪರಸ್ಪರ ತಳ್ಳಲಿ. ಹಾಗೆಯೇ ಎರಡು ಪಕ್ಕಕ್ಕೆ, ಹಿಂದಕ್ಕೆ. ತಲೆಯನ್ನು ಚಕ್ರದಂತೆ ಸುತ್ತಿಸುವ ವ್ಯಾಯಾಮ ನಿಮಗೆ ಬೇಡ. ಆಯುರ್ವೇದ ವೈದ್ಯನಾಗಿಯೂ ಒಪ್ಪಿಕೊಳ್ಳಬೇಕಾದ ಮಾತೆಂದರೆ, ಬಹಳ ದಿನದ ಕತ್ತು ನೋವಿಗೆ ನಿಯತವಾದ ವ್ಯಾಯಾಮಕ್ಕಿರುವಷ್ಟು ಆಧಾರ ನಮ್ಮ ತೈಲಗಳಿಗೆ ಇನ್ನೂ ಸಿಕ್ಕಿಲ್ಲ. ತೈಲ ನೋವನ್ನು ತಗ್ಗಿಸಿ ವ್ಯಾಯಾಮ ಮಾಡುವ ಸ್ಥಿತಿಗೆ ತರುತ್ತದೆ. ಎರಡೂ ಜೊತೆಯಾಗಿರಬೇಕು.

ಈಗ ಚಿಕಿತ್ಸೆಯ ಕ್ರಮ. ಕಫ ಆವರಿಸಿದ ಮನ್ಯಾಸ್ತಂಭಕ್ಕೆ ಸುಶ್ರುತ ಹೇಳುವುದು ರೂಕ್ಷ ಸ್ವೇದ ಮತ್ತು ನಸ್ಯ (ಮೂಗಿಗೆ ಔಷಧ ಬಿಡುವುದು). ರೂಕ್ಷ ಸ್ವೇದವೆಂದರೆ ಎಣ್ಣೆಯಿಲ್ಲದ ಶಾಖ. ದಪ್ಪ ಉಪ್ಪನ್ನು ಅಥವಾ ಶುದ್ಧ ಮರಳನ್ನು ಬಾಣಲೆಯಲ್ಲಿ ಹುರಿದು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕತ್ತಿನ ಹಿಂಭಾಗಕ್ಕೂ ಭುಜದ ಮೇಲ್ಭಾಗಕ್ಕೂ ಹತ್ತು ನಿಮಿಷ ಒತ್ತಿಕೊಂಡರೆ ಬೆಳಗಿನ ಬಿಗಿ ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದಾದ್ದರಿಂದ ಗಂಟಿನ ಬಿಸಿಯನ್ನು ಮೊದಲು ಮನೆಯ ಬೇರೊಬ್ಬರು ತಮ್ಮ ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಲಿ. ಬೆಳಗಿನ ಭಾರ ತಗ್ಗಿ, ಸಂಜೆಯ ಒಣನೋವು ಮಾತ್ರ ಉಳಿದಾಗ ಎಣ್ಣೆಯ ಚಿಕಿತ್ಸೆಗೆ ಬರಬೇಕು. ಈ ಕ್ರಮ ತಿರುಗುಮುರುಗಾದರೆ, ಅಂದರೆ ಬಿಗಿ ಮತ್ತು ಭಾರ ಇರುವಾಗಲೇ ಎಣ್ಣೆ ಸುರಿದರೆ, ಕೆಲವರಿಗೆ ನೋವು ಹೆಚ್ಚುತ್ತದೆ.

ಎಣ್ಣೆಯ ಚಿಕಿತ್ಸೆಗಳಲ್ಲಿ ಗ್ರೀವಾ ಬಸ್ತಿ ಪ್ರಸಿದ್ಧ. ಬೋರಲಾಗಿ ಮಲಗಿಸಿ, ಉದ್ದಿನ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಕತ್ತಿನ ಹಿಂದೆ ಬಳೆಯಂತೆ ಕಟ್ಟೆ ಕಟ್ಟಿ, ಅದರೊಳಗೆ ಮಹಾನಾರಾಯಣ ತೈಲ, ಧನ್ವಂತರ ತೈಲ ಮುಂತಾದವುಗಳಲ್ಲಿ ರೋಗಿಗೆ ಹೊಂದುವುದನ್ನು ಉಗುರುಬೆಚ್ಚಗೆ ತುಂಬುತ್ತಾರೆ. ತಣ್ಣಗಾದಂತೆ ಹತ್ತಿಯಲ್ಲಿ ಹೀರಿ ತೆಗೆದು ಬಿಸಿಯದನ್ನು ಹಾಕುತ್ತ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರಿಸುತ್ತಾರೆ. ಸಾಮಾನ್ಯವಾಗಿ ಏಳು ದಿನ. ಹಿಟ್ಟು ಚರ್ಮಕ್ಕೆ ಸರಿಯಾಗಿ ಕೂರದೆ ಎಣ್ಣೆ ಕಿವಿಯತ್ತ ಸೋರುವುದೇ ಇದರಲ್ಲಿನ ಮಾಮೂಲು ಫಜೀತಿ, ಹಾಗಾಗಿ ಮನೆಯಲ್ಲಿ ಪ್ರಯತ್ನಿಸಬೇಡಿ. ಲಕ್ಕಿ, ಎಕ್ಕ, ಹರಳು ಗಿಡದ ಎಲೆಗಳನ್ನು ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ ಗಂಟು ಕಟ್ಟಿ ಕೊಡುವ ಪತ್ರಪಿಂಡ ಸ್ವೇದವೂ ಇಂಥದ್ದೇ.

ನೀವು ಶುದ್ಧಿಯ ಬಗ್ಗೆ ಕೇಳಿದಿರಲ್ಲವೆ, ಕತ್ತಿಗೆ ನಿಜವಾಗಿ ಸಲ್ಲುವ ಶೋಧನ ನಸ್ಯ. 'ನಾಸಾ ಹಿ ಶಿರಸೋ ದ್ವಾರಂ', ಮೂಗೇ ತಲೆಯ ಬಾಗಿಲು, ಎಂಬುದು ಪ್ರಸಿದ್ಧ ಮಾತು. ಕೊರಳೆಲುಬಿನಿಂದ ಮೇಲಿನ ರೋಗಗಳಿಗೆ ಶಾಸ್ತ್ರ ವಿಶೇಷವಾಗಿ ವಿಧಿಸಿರುವುದು ಇದನ್ನೇ ಹೊರತು ಭೇದಿಯನ್ನಲ್ಲ. ಮುಖಕ್ಕೂ ಕತ್ತಿಗೂ ಎಣ್ಣೆ ಹಚ್ಚಿ ಶಾಖ ಕೊಟ್ಟು, ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಬೆಚ್ಚಗಿನ ಅಣುತೈಲ ಅಥವಾ ಕ್ಷೀರಬಲಾ ತೈಲದ ಹನಿಗಳನ್ನು ಒಂದೊಂದೇ ಹೊಳ್ಳೆಗೆ ಬಿಡುತ್ತಾರೆ. ಗಂಟಲಿಗೆ ಇಳಿದದ್ದನ್ನು ಉಗುಳಬೇಕು. ನೆಗಡಿ ಜ್ವರ ಇರುವಾಗ, ಊಟವಾದ ಕೂಡಲೇ, ತಲೆಸ್ನಾನ ಮಾಡಿದ ದಿನ ನಸ್ಯ ಬೇಡ. ವೈದ್ಯರ ಮೇಲ್ವಿಚಾರಣೆಯಲ್ಲಿ ಏಳು ದಿನ ಮಾಡಿಸಿದರೆ ಸಾಕು, ಇದಕ್ಕೆ ಉಪವಾಸ ಬೇಕಿಲ್ಲ, ಸಕ್ಕರೆ ಮಾತ್ರೆಯನ್ನು ಬದಲಿಸಬೇಕಾಗಿಯೂ ಇಲ್ಲ. ಇಷ್ಟರಿಂದ ಪ್ರಯೋಜನವಾಗದಿದ್ದರೆ, ವಾತಕ್ಕೆ ಮುಖ್ಯ ಚಿಕಿತ್ಸೆಯಾದ ಬಸ್ತಿಯನ್ನು (ಗುದದ್ವಾರದಿಂದ ಔಷಧ ಏರಿಸುವುದು) ವೈದ್ಯರು ಯೋಚಿಸಬಹುದು. ಅದನ್ನು ಒಳರೋಗಿಯಾಗಿ, ಸಕ್ಕರೆ ಪರೀಕ್ಷಿಸುತ್ತ ಮಾಡಿಸಬೇಕು.

ಒಳಗೆ ತೆಗೆದುಕೊಳ್ಳುವ ಔಷಧಗಳಲ್ಲಿ ರಾಸ್ನಾಸಪ್ತಕ ಕಷಾಯ, ತ್ರಯೋದಶಾಂಗ ಗುಗ್ಗುಲು ಇವನ್ನು ಬರೆದುಕೊಡುವುದು ರೂಢಿ. ನಿಮ್ಮನ್ನು ನೋಡದೆ ಪ್ರಮಾಣ ಹೇಳುವುದು ಸರಿಯಲ್ಲ. ಅರಿಷ್ಟ, ಆಸವ, ಲೇಹ್ಯಗಳಲ್ಲಿ ಬೆಲ್ಲವೋ ಸಕ್ಕರೆಯೋ ಧಾರಾಳವಾಗಿರುತ್ತದೆ ಎಂಬುದನ್ನು ಮಾತ್ರ ನೆನಪಿಡಿ. ಬೆಲ್ಲದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟದಲ್ಲಿ ದೊಡ್ಡ ಬದಲಾವಣೆ ಬೇಡ. ರಾಗಿಮುದ್ದೆ, ಬಸ್ಸಾರು, ಹುರುಳಿಕಾಳಿನ ಸಾರು ಕಫವಾತಕ್ಕೆ ಹಿತವೇ. ರಾತ್ರಿ ಮೊಸರನ್ನೂ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟರಾಯಿತು. ಮಲಗುವ ದಿಂಬು ಕತ್ತಿನ ಕೆಳಗಿನ ಟೊಳ್ಳನ್ನು ತುಂಬುವಷ್ಟು ಎತ್ತರವಿರಲಿ, ತಲೆಯನ್ನು ಎದೆಯತ್ತ ನೂಕುವಷ್ಟಲ್ಲ.

ಕತ್ತನ್ನು ಲಟಕ್ಕನೆ ಅನ್ನಿಸಿ 'ಉಳುಕು' ತೆಗೆಯುವವರ ಕೈಗೆ ಮಾತ್ರ ನಿಮ್ಮ ತಲೆಯನ್ನು ಕೊಡಬೇಡಿ. ಕ್ಷೌರದಂಗಡಿಯಲ್ಲಿ ಗಂಡಸರು ಇದನ್ನು ಪುಕ್ಕಟೆಯ ಸುಖವೆಂದು ಮಾಡಿಸಿಕೊಳ್ಳುತ್ತಾರೆ, ಹೆಂಗಸರು ಪರಿಚಯದವರ ಹತ್ತಿರ ಮಾಡಿಸುತ್ತಾರೆ. ಕತ್ತಿನ ಮೂಳೆಗಳ ರಂಧ್ರಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿಗಳಿವೆ. ಹಠಾತ್ತನೆ ತಿರುಗಿಸಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಂದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ.

ಮಂಡ್ಯದಿಂದ ಮೈಸೂರು ಒಂದು ಗಂಟೆಯ ದಾರಿ. 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿಗೆ ಸೇರಿದ ಆಸ್ಪತ್ರೆ ಇಲ್ಲಿದೆ, ಪಂಚಕರ್ಮ ವಿಭಾಗವೂ ಇದೆ. ಬರುವಾಗ ಎಕ್ಸ್‌ರೇ, ಕಳೆದ ಮೂರು ತಿಂಗಳ ಸಕ್ಕರೆಯ ಪರೀಕ್ಷೆಯ ವರದಿ, ನುಂಗುವ ಮಾತ್ರೆಗಳ ಪಟ್ಟಿಗಳನ್ನು ಹಾಗೆಯೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಆ ಪುಡಿಯ ಪೊಟ್ಟಣವನ್ನು ಇನ್ನೂ ಎಸೆದಿಲ್ಲದಿದ್ದರೆ ಅದನ್ನೂ ತನ್ನಿ, ವೈದ್ಯರು ನೋಡಲಿ. ಗೌರಿ ಹಬ್ಬ, ದಸರೆಯ ಹೊಲಿಗೆ ಮುಗಿಯಲಿ ಎಂದು ಕಾಯದೆ, ಆ ಕೆಲಸ ಶುರುವಾಗುವ ಎರಡು ತಿಂಗಳು ಮೊದಲೇ ಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು.